ನನ್ನ ಗಂಡ ಮೌಸ್ ಆರಿಸಿದ್ದು

ಅಂಗಡಿಗೆ ಹೋಗಿ ಒಂದು ಸಾಮಾನು ತರುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ನನ್ನ ಗಂಡ ಅಪೆನಿಸ ಸಾಮಾನು ತರುವುದಿಲ್ಲ, ಆರಿಸುತ್ತಾನೆ. ಹೋದ ವರ್ಷ ಒಂದು ಪೊರಕೆ ಬೇಕೆಂದಾಗ, ಯಾವ ಪೊರಕೆ ಹೇಗೆ ಗುಡಿಸುತ್ತದೆಂದು ತಿಳಿಯಲು ನಮ್ಮ ಬೀದಿಯ ನಾಲ್ಕು ಮನೆಗಳ ಅಂಗಳ ಗುಡಿಸಿ, ಪೊರಕೆ ತರುವುದನ್ನೇ ಮರೆತು, ಸೊಂಟ ಹಿಡಿದುಕೊಂಡು ಮನೆಗೆ ಬಂದಿದ್ದ. ಆ ನಾಲ್ಕು ಮನೆಯವರು ಇವತ್ತಿಗೂ ಅವನನ್ನು ಕಂಡರೆ ಪ್ರೀತಿಯಿಂದ ಚಹಾಕ್ಕೆ ಕರೆಯುತ್ತಾರೆ.

ಹೀಗಿರುವಾಗ ನನಗೊಂದು ಮೌಸ್ ಬೇಕಾಯಿತು.

ನಮ್ಮ ದ್ವೀಪದ ಊರಾದ ಸವುಸವುವಿನಲ್ಲಿ ಮದುವೆಯಾಗಲಿ ಚರ್ಚಿನ ಸಭೆಯಾಗಲಿ, ಒಂದು ಗುಂಪಿನವರೆಲ್ಲ ಒಂದೇ ಬಟ್ಟೆಯಲ್ಲಿ ಹೊಲಿಸಿದ್ದನ್ನು ತೊಡಬೇಕು. ಆ ಬಟ್ಟೆಯ ಮೇಲೆ ಅಚ್ಚಾಗುವ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆದುಕೊಡುವುದು ನನ್ನ ಕೆಲಸ. ಅಡುಗೆ, ಮಕ್ಕಳು, ಬಟ್ಟೆ ಒಗೆಯುವುದು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಇಲ್ಲಿಯವರೆಗೆ ಒಂದೊಂದು ಮನೆತನಕ್ಕೆ ಬರೆದುಕೊಡುತ್ತಿದ್ದೆ. ಈ ಸಲ ಮೊದಲ ಬಾರಿಗೆ ಇಡೀ ಜಿಲ್ಲೆಯ ಚರ್ಚಿನ ಮಹಿಳಾ ಸಂಘದವರು ಕೇಳಿದ್ದರು. ಇನ್ನೂರು ಹೆಂಗಸರಿಗೆ ಒಂದೇ ಚಿತ್ತಾರ. ನಡುವೆ ಆಮೆಯ ಚಿಪ್ಪು, ಸುತ್ತ ದೀವಿಹಲಸಿನ ಎಲೆ. ಶುಕ್ರವಾರ ಬೆಳಿಗ್ಗೆಯೊಳಗೆ ಅದು ರಾಜಧಾನಿ ಸುವಾದ ಅಚ್ಚಿನವರಿಗೆ ಹೋಗದಿದ್ದರೆ ಕೆಲಸವನ್ನು ಲಂಬಾಸ ಪಟ್ಟಣದ ಅಂಗಡಿಗೆ ಕೊಡುವುದಾಗಿ ಸಂಘದ ಕಾರ್ಯದರ್ಶಿ ನಗುತ್ತ ಹೇಳಿದ್ದಳು. ನಮ್ಮ ಕಡೆಯವರು ಸಿಟ್ಟಿನಲ್ಲಿ ಹೇಳಿದ್ದನ್ನು ಮರೆಯುತ್ತಾರೆ, ನಗುತ್ತ ಹೇಳಿದ್ದನ್ನು ಮಾಡಿಯೇ ಬಿಡುತ್ತಾರೆ.

ಶನಿವಾರ ನಾನು ಆಮೆಯ ಬೆನ್ನಿನ ಮೇಲಿದ್ದೆ. ಕೆಳಗೆ ನೆಲದ ಮೇಲಿದ್ದ ನನ್ನ ಸಣ್ಣ ಮಗಳು ರೇಜಿಗೆ ಮೇಜಿನಿಂದ ಇಳಿಬಿದ್ದ ಮೌಸಿನ ವೈರು ಕಂಡಿತು. ಎಳೆದಳು. ಮೌಸ್ ನನ್ನ ಕೈ ತಪ್ಪಿ ಹಾರಿ, ಪಕ್ಕದಲ್ಲಿ ಆರಲು ಇಟ್ಟಿದ್ದ ಕೆಸುವಿನ ಸೊಪ್ಪಿನ ಪಾತ್ರೆಗೆ ಬಿತ್ತು. ತೆಂಗಿನ ಹಾಲು ಹಾಕಿ ಬೇಯಿಸಿದ ಸೊಪ್ಪು. ಮೌಸನ್ನು ತೊಳೆದು, ಒರೆಸಿ, ಬಿಸಿಲಿಗಿಟ್ಟು ನೋಡಿದೆ. ಅದು ಮತ್ತೆ ಏಳಲಿಲ್ಲ. ಸೊಪ್ಪನ್ನು ಮಾತ್ರ ಅಪೆನಿಸ ಎರಡು ಸಲ ಹಾಕಿಸಿಕೊಂಡು ಊಟ ಮಾಡಿದ.

ಸೋಮವಾರ ಅವನು ಕೆಲಸಕ್ಕೆ ಹೊರಟಾಗ ಹೇಳಿದೆ: ವೈರ್ ಇಲ್ಲದ್ದು ಬೇಕು, ರೇಜಿ ಎಳೆಯುತ್ತಾಳೆ. ನನ್ನ ಮಣಿಕಟ್ಟು ಊದಿಕೊಂಡಿದೆ, ಆದ್ದರಿಂದ ಅಂಗೈ ಊರಿದರೆ ಹಾಯಾಗಿರುವಂಥದ್ದು ಬೇಕು. ಬೆಲೆ ಕಡಿಮೆ ಇರಲಿ. ಗೌಂಡರ್ ಅಂಗಡಿಯಲ್ಲಿ ಮೊಳೆಗೆ ನೇತುಹಾಕಿದ್ದಾರೆ, ಒಂದು ಕೋಳಿಯ ಬೆಲೆ ಅಷ್ಟೆ, ತೆಗೆದುಕೊಂಡು ಬಾ.

ಅಪೆನಿಸ ನನ್ನ ಮಣಿಕಟ್ಟನ್ನು ತನ್ನ ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ದಿನಾ ಸಂಜೆ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕುವವನು ಅವನೇ.

"ಇದು ಅವಸರದಲ್ಲಿ ಮಾಡೋ ಕೆಲಸ ಅಲ್ಲ, ಉನಾ," ಅಂದ. "ನಾನು ಆರಿಸ್ತೀನಿ."

ಅಲ್ಲಿಗೆ ನನ್ನ ವಾರ ಮುಗಿಯಿತೆಂದು ನನಗೆ ಆಗಲೇ ತಿಳಿಯಬೇಕಿತ್ತು.

ಅವನದು ಹಡಗುಕಟ್ಟೆಯಲ್ಲಿ ಟಿಕೆಟ್ ಕೊಡುವ ಕೆಲಸ. ಹಡಗು ಬರುವ ದಿನ ಉಸಿರಾಡಲು ಪುರುಸೊತ್ತಿಲ್ಲ, ಬಾರದ ದಿನ ಉಸಿರಾಡುವುದೇ ಕೆಲಸ. ಸೋಮವಾರ ಹಡಗಿರಲಿಲ್ಲ. ಅವನು ನೇರವಾಗಿ ಗೌಂಡರ್ ಅಂಗಡಿಗೆ ಹೋಗಿ, ಮೊಳೆಯಲ್ಲಿದ್ದ ಪೊಟ್ಟಣವನ್ನು ಇಳಿಸಿ, ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆಯೇ ಅಂಗೈ ಇಟ್ಟು ಕಣ್ಣು ಮುಚ್ಚಿದನಂತೆ. ಗೌಂಡರದ್ದು ಮೂರು ತಲೆಮಾರಿನಿಂದ ಇದೇ ಬೀದಿಯ ಅಂಗಡಿ. ಗಿರಾಕಿಗಳ ಎಲ್ಲ ಥರದ ಹುಚ್ಚು ನೋಡಿದವರು. ಸುಮ್ಮನೆ ಲೆಕ್ಕ ಬರೆಯುತ್ತ ಕೂತಿದ್ದರು. ಪೊಟ್ಟಣ ಬಿಚ್ಚಿ ಕೈಯಿಟ್ಟು ನೋಡಬೇಕು ಎಂದು ಇವನು ಕೇಳಿದಾಗ ಮಾತ್ರ ತಲೆಯೆತ್ತಿದರು.

"ಬಿಚ್ಚಿದ್ರೆ ಕೊಂಡ ಹಾಗೆ, ಅಪೆ."

"ಕೊಳ್ಳೋ ಮುಂಚೆ ಹಾಯಾಗಿದೆಯೋ ಇಲ್ವೋ ಗೊತ್ತಾಗೋದು ಹೇಗೆ?"

"ಕೊಂಡ ಮೇಲೆ ಗೊತ್ತಾಗತ್ತೆ. ನನ್ನ ಮದುವೇನೂ ಹಾಗೇ ಆಯ್ತು."

ಇದನ್ನು ಅಪೆನಿಸ ವ್ಯಾಪಾರದ ದಬ್ಬಾಳಿಕೆ ಎಂದು ಕರೆದು, ಪೊಟ್ಟಣವನ್ನು ಮೊಳೆಗೆ ಸಿಕ್ಕಿಸಿ ಹೊರಬಂದ. ಕೊಳ್ಳದೆ ಕೈಯಿಟ್ಟು ನೋಡಬಹುದಾದ ಮೌಸ್‌ಗಳು ಊರಿನಲ್ಲಿ ಎಷ್ಟಿಲ್ಲ ಎಂದು ಅವನಿಗೆ ಹೊಳೆಯಿತು. ಶಾಲೆಯಲ್ಲಿದೆ, ಆಸ್ಪತ್ರೆಯಲ್ಲಿದೆ, ಪಾದ್ರಿಯವರ ಮನೆಯಲ್ಲಿದೆ. ಎಲ್ಲ ಕಡೆ ಕೈಯಿಟ್ಟು ನೋಡಿ, ಯಾವುದು ಹಾಯೋ ಅಂಥದ್ದನ್ನು ಆಮೇಲೆ ಗೌಂಡರಿಂದ ಕೊಂಡರಾಯಿತು. ಕೇಳಲು ಇದು ಬಹಳ ಬುದ್ಧಿವಂತಿಕೆಯ ಮಾತು. ಅವನ ಎಲ್ಲ ಮಾತುಗಳೂ ಕೇಳಲು ಹಾಗೇ ಇರುತ್ತವೆ.

ನಮ್ಮಲ್ಲಿ ಒಬ್ಬರ ಮನೆಯ ವಸ್ತುವನ್ನು ಬಾಯಿತುಂಬ ಹೊಗಳಿದರೆ ಅದನ್ನು ಕೊಡಿ ಎಂದು ಕೇಳಿದಂತೆ. ಕೇಳಿದ ಮೇಲೆ ಅವರು ಇಲ್ಲ ಎನ್ನುವಂತಿಲ್ಲ. ಕೊಟ್ಟ ಮೇಲೆ ಇವರು ಬೇಡ ಎನ್ನುವಂತಿಲ್ಲ. ಅದಕ್ಕೇ ನಮ್ಮ ತಾಯಂದಿರು ಮಾತು ಕಲಿಸುವಾಗಲೇ, ಇನ್ನೊಬ್ಬರ ಮನೆಯಲ್ಲಿ ಚಂದದ ಚಾಪೆ ಕಂಡರೆ ಮಳೆಯ ವಿಷಯ ಮಾತಾಡು ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಅಪೆನಿಸನಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಆದರೆ ಈ ನಿಯಮ ಚಾಪೆ, ಹಂದಿ, ಅಂಗಿಗಳಿಗೆ ಸೇರಿದ್ದು; ಕಂಪ್ಯೂಟರಿಗೆ ಸೇರಿದ ಸಾಮಾನುಗಳು ನಮ್ಮ ಅಜ್ಜಂದಿರ ಕಾಲದಲ್ಲಿ ಇರಲಿಲ್ಲವಾದ್ದರಿಂದ ಅವಕ್ಕೆ ತಗಲುವುದಿಲ್ಲ ಎಂಬುದು ಅವನ ತಿಳುವಳಿಕೆ.

ಶಾಲೆಯ ಮುಖ್ಯೋಪಾಧ್ಯಾಯಿನಿ ವಸಿತಿ ಟೀಚರ್ ಆಗ ಮಕ್ಕಳ ಅಂಕಪಟ್ಟಿ ತಯಾರಿಸುತ್ತಿದ್ದರು. ನಡೆದದ್ದನ್ನು ಕಿಟಕಿಯಿಂದ ನನ್ನ ದೊಡ್ಡ ಮಗಳು ಕೆಲೆರ ನೋಡಿದ್ದಾಳೆ. ಅಪ್ಪ ಒಳಗೆ ಹೋಗಿ, ಒಂದು ನಿಮಿಷ ಎಂದು ಹೇಳಿ ಟೀಚರ ಮೌಸಿನ ಮೇಲೆ ಅಂಗೈ ಇಟ್ಟನಂತೆ. ಆಮೇಲೆ ಕಣ್ಣು ಮುಚ್ಚಿ, ಆಹಾ, ಬಿಸಿ ಬನ್ನಿನ ಮೇಲೆ ಕೈ ಇಟ್ಟ ಹಾಗಿದೆ, ಇಂಥ ಮೌಸ್ ನಾನು ಜನ್ಮದಲ್ಲಿ ಮುಟ್ಟಿಲ್ಲ, ಮುಟ್ಟಿದವರಿಗೆ ಕೈ ಎಲ್ಲಿ ಮುಗಿಯಿತು ಮೌಸ್ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ ಎಂದನಂತೆ. ಕಣ್ಣು ಬಿಟ್ಟಾಗ ಟೀಚರ್ ಎದ್ದು ನಿಂತಿದ್ದರು. ಅವರ ಮುಖದಲ್ಲಿ ಒಂದು ದೊಡ್ಡ ತ್ಯಾಗದ ಕಳೆಯಿತ್ತು. ಮೌಸನ್ನು ಎರಡೂ ಕೈಯಲ್ಲಿ ಎತ್ತಿ, ಇದು ಬಡ ಶಾಲೆಯ ಸಣ್ಣ ಕಾಣಿಕೆ, ಉನಾಯಿಸಿಯ ಕೈಗೆ ಒಳ್ಳೆಯದಾಗಲಿ ಎಂದರು.

ಹೀಗೆ ಹೇಳಿದ ಮೇಲೆ ತೆಗೆದುಕೊಳ್ಳುವವನು ನೆಲದ ಮೇಲೆ ಕೂರಬೇಕು, ಅಂಗೈಗಳನ್ನು ಬಟ್ಟಲಿನಂತೆ ಮಡಿಸಿ ಮೆಲ್ಲಗೆ ಚಪ್ಪಾಳೆ ತಟ್ಟಬೇಕು, ಕೊಟ್ಟವರ ಹಿರಿಯರನ್ನೆಲ್ಲ ನೆನೆದು ನಾಲ್ಕು ಮಾತಾಡಬೇಕು. ಅಪೆನಿಸ ಎಲ್ಲವನ್ನೂ ಕ್ರಮವಾಗಿ ಮಾಡಿ ಮೌಸನ್ನು ಜೇಬಿಗೆ ಹಾಕಿಕೊಂಡು ಬಂದ.

ಸಂಜೆ ನಾನು ಅದನ್ನು ನನ್ನ ಕಂಪ್ಯೂಟರಿನ ಪಕ್ಕದಲ್ಲಿಟ್ಟು ಆಡಿಸಿದೆ. ಪರದೆಯ ಮೇಲೆ ಏನೂ ಅಲುಗಲಿಲ್ಲ. ಮೌಸಿನ ಹೊಟ್ಟೆಯಲ್ಲಿ ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಗೌಂಡರಿಗೆ ಫೋನ್ ಮಾಡಿದೆ.

"ಅದರ ಜೊತೆ ಕಂಪ್ಯೂಟರಿಗೆ ಸಿಕ್ಕಿಸೋ ಒಂದು ಚೂರು ಬರತ್ತಮ್ಮ, ಉಗುರಿನಷ್ಟು," ಅಂದರು. "ರಿಸೀವರ್. ಅದು ಎಲ್ಲಿದೆ?"

ಅದು ಶಾಲೆಯ ಕಂಪ್ಯೂಟರಿನಲ್ಲೇ ಸಿಕ್ಕಿಕೊಂಡು ಉಳಿದಿತ್ತು. ವಸಿತಿ ಟೀಚರ ಹತ್ತಿರ ಚೂರಿತ್ತು, ಮೌಸ್ ಇರಲಿಲ್ಲ. ನಮ್ಮ ಹತ್ತಿರ ಮೌಸ್ ಇತ್ತು, ಚೂರಿರಲಿಲ್ಲ. ಎರಡೂ ಮನೆಯವರು ಸಮನಾಗಿ ಕೆಟ್ಟಿದ್ದೆವು. ನಾಳೆ ಹೋಗಿ ಅದನ್ನು ಕೇಳು, ಇಲ್ಲವೇ ಇದನ್ನು ಹಿಂದಿರುಗಿಸು ಎಂದು ಗಂಡನಿಗೆ ಹೇಳಿದೆ. ಅವನು ನನ್ನನ್ನು ಅನಾಗರಿಕಳನ್ನು ನೋಡುವಂತೆ ನೋಡಿದ. ಕೊಟ್ಟದ್ದನ್ನು ಹಿಂದಿರುಗಿಸಿದರೆ ಮುಖಕ್ಕೆ ಹೊಡೆದಂತೆ. ಹಸುವನ್ನೇ ಕೊಟ್ಟವರ ಹತ್ತಿರ ಹೋಗಿ ಹಗ್ಗವನ್ನು ಯಾಕೆ ಇಟ್ಟುಕೊಂಡಿರಿ ಎಂದು ಕೇಳಲು ಅವನಿಗೆ ನಾಲಿಗೆ ಬರುವುದಿಲ್ಲವಂತೆ. ಮಂಗಳವಾರ ಬೆಳಿಗ್ಗೆ ನಾನು ಟೀಚರ ಮನೆಗೆ ಮರುಕಾಣಿಕೆಯಾಗಿ ಒಂದು ಕಟ್ಟು ಕೆಸುವಿನ ಗಡ್ಡೆ ಕಳಿಸಿದೆ.

ಮಂಗಳವಾರ ಅವನು ಆಸ್ಪತ್ರೆಗೆ ಹೋದ. ಈ ಸಲ ಎಚ್ಚರವಾಗಿರುತ್ತೇನೆ, ಒಂದು ಮಾತನ್ನೂ ಹೊಗಳುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದ. ಮಾತು ಉಳಿಸಿಕೊಂಡ. ಅಲುಮಿತ ಸಿಸ್ಟರ್ ರೋಗಿಗಳ ಹೆಸರು ಹಾಕಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಕೂತು, ಅವರ ಮೌಸಿನ ಮೇಲೆ ಕೈಯಿಟ್ಟು, ತುಟಿ ಬಿಗಿಹಿಡಿದು, ಒಂದು ನಿಟ್ಟುಸಿರು ಬಿಟ್ಟ. ಅಷ್ಟೆ. ಆ ನಿಟ್ಟುಸಿರನ್ನು ಸಿಸ್ಟರ್ ಆಮೇಲೆ ನನಗೆ ಮಾಡಿ ತೋರಿಸಿದರು. ಹದಿನೈದು ದಿನ ಸಮುದ್ರದಲ್ಲಿ ದಿಕ್ಕುತಪ್ಪಿದವನು ದಡ ಕಂಡಾಗ ಬಿಡುವ ಉಸಿರಿನಂತಿತ್ತು. ಬಾಯಲ್ಲಿ ಹೊಗಳುವವರಿಗೆ ಏನಾದರೂ ಹೇಳಿ ಸಾಗಹಾಕಬಹುದು, ಹಾಗೆ ಉಸಿರು ಬಿಟ್ಟವರಿಗೆ ಏನು ಹೇಳುವುದು ಎಂದರು. ಅವನು ಮತ್ತೆ ನೆಲಕ್ಕೆ ಕೂತ, ಮತ್ತೆ ಚಪ್ಪಾಳೆ ತಟ್ಟಿದ. ಸಾಲಿನಲ್ಲಿದ್ದ ರೋಗಿಗಳೂ ಮರ್ಯಾದೆಗಾಗಿ ನೆಲಕ್ಕೆ ಕೂತು ತಟ್ಟಿದರು. ಬೆನ್ನುನೋವಿಗೆ ಬಂದಿದ್ದ ಮುದುಕರೊಬ್ಬರು ಮತ್ತೆ ಏಳಲಾರದೆ ಅಲ್ಲೇ ಮದ್ದು ತೆಗೆದುಕೊಂಡರು. ಈ ಸಂಭ್ರಮದಲ್ಲಿ ಉಗುರಿನಷ್ಟು ದೊಡ್ಡ ಚೂರು ಯಾರಿಗೂ ನೆನಪಾಗಲಿಲ್ಲ.

ಬುಧವಾರ ನಾನು ಸಿಸ್ಟರ ಮನೆಗೆ ಮೊಟ್ಟೆ ಕಳಿಸಿದೆ. ಅಪೆನಿಸ ಪಾದ್ರಿಗಳಾದ ಎಮೋಸಿಯವರ ಮನೆಗೆ ಹೋದ.

ಹೊಗಳಿದರೂ ಕೊಡುತ್ತಾರೆ, ಉಸಿರು ಬಿಟ್ಟರೂ ಕೊಡುತ್ತಾರೆ, ಆದ್ದರಿಂದ ಈ ಸಲ ತೆಗಳುವುದೆಂದು ಅವನು ತೀರ್ಮಾನಿಸಿದ್ದ. ಭಾನುವಾರದ ಪ್ರಸಂಗ ಬರೆಯುತ್ತಿದ್ದ ಆ ವಯಸ್ಸಾದ ಪಾದ್ರಿಗಳ ಮೌಸನ್ನು ಮುಟ್ಟಿ, ಇದು ಚೆನ್ನಾಗಿಲ್ಲ, ಬಹಳ ಕೆಟ್ಟದಾಗಿದೆ, ನನಗಂತೂ ಯಾರಾದರೂ ಸುಮ್ಮನೆ ಕೊಟ್ಟರೂ ಬೇಡ ಎಂದ. ಪಾದ್ರಿಗಳು ಕನ್ನಡಕ ತೆಗೆದು ಅವನನ್ನು ಕರುಣೆಯಿಂದ ನೋಡಿದರಂತೆ. ಐವತ್ತು ವರ್ಷ ಜನರ ಮನಸ್ಸು ಓದಿದವರು ಅವರು. ಹೆಂಡತಿಯ ಕೈನೋವಿಗಾಗಿ ಮನೆಮನೆ ಅಲೆಯುತ್ತಿರುವ ಬಡವ, ಕೇಳಲು ನಾಚಿಕೆಪಟ್ಟು ಹೀಗೆ ಉಲ್ಟಾ ಮಾತಾಡುತ್ತಿದ್ದಾನೆ ಎಂದು ಅವರ ಕಣ್ಣಲ್ಲಿ ನೀರು ಬಂತು.

"ಮಗೂ, ಬಾಯಿ ಬೇಡ ಅನ್ನತ್ತೆ, ಕೈ ಬಿಡ್ತಿಲ್ಲ," ಅಂದರು.

ನೋಡಿದರೆ ಕೈ ನಿಜವಾಗಿಯೂ ಮೌಸಿನ ಮೇಲೆಯೇ ಇತ್ತು. ಪಾದ್ರಿಗಳು ಮೌಸಿನ ಜೊತೆಗೆ ಆಶೀರ್ವಾದವನ್ನೂ ಕೊಟ್ಟರು. ಚೂರನ್ನು ಮಾತ್ರ ಕೊಡಲಿಲ್ಲ, ಯಾಕೆಂದರೆ ಅದು ಇರುವುದೇ ಅವರಿಗೆ ಗೊತ್ತಿರಲಿಲ್ಲ.

ಬುಧವಾರ ಸಂಜೆ ನನ್ನ ಮೇಜಿನ ಮೇಲೆ ಮೂರು ಮೌಸ್ ಇದ್ದವು. ಮೂರಕ್ಕೂ ಹೊಟ್ಟೆಯಲ್ಲಿ ದೀಪ ಉರಿಯುತ್ತಿತ್ತು. ಆಮೆಗೆ ಇನ್ನೂ ಅರ್ಧ ಬೆನ್ನೇ ಆಗಿತ್ತು. ಎಲೆ ಒಂದೂ ಆಗಿರಲಿಲ್ಲ. ಪಾದ್ರಿಗಳಿಗೆ ಕಳಿಸಲು ನಾನು ನನ್ನ ತವರಿನಿಂದ ತಂದ ಚಾಪೆ ಮಡಿಸುತ್ತಿದ್ದೆ. ಆಗ ಬಾಗಿಲಿಗೆ ಪೆಸೆಲಿ ಬಂದು ಒರಗಿ ನಿಂತ. ಅವನು ಅಪೆನಿಸನ ಸೋದರತ್ತೆಯ ಮಗ, ಟ್ಯಾಕ್ಸಿ ಓಡಿಸುತ್ತಾನೆ. ಆ ಸಂಬಂಧದವರಿಗೆ ಒಬ್ಬರನ್ನೊಬ್ಬರು ಗೋಳುಹೊಯ್ದುಕೊಳ್ಳುವ ಹಕ್ಕು ಹುಟ್ಟಿನಿಂದಲೇ ಬಂದಿರುತ್ತದೆ, ಮತ್ತು ಪೆಸೆಲಿ ಯಾವ ಹಕ್ಕನ್ನೂ ಬಿಟ್ಟುಕೊಡುವವನಲ್ಲ.

"ಏನ್ ಭಾವ, ಅಂಗಡಿ ಯಾವಾಗ ಶುರು?" ಅಂದ.

"ಹೋಗೋ, ನಿಂಗೇನ್ ಗೊತ್ತು ಮೌಸ್ ವಿಷಯ."

"ನಂಗೊತ್ತಿಲ್ಲಪ್ಪ. ಪೋಸ್ಟಾಫೀಸಿನವರಿಗೆ ಗೊತ್ತು. ನೀನು ಬೀದಿಗಿಳಿದ್ರೆ ಸಾಕು, ಮೌಸ್ ಮೇಲೆ ಟವೆಲ್ ಹಾಕ್ತಾರೆ. ಬ್ಯಾಂಕಲ್ಲಿ ಆ ಹುಡುಗಿ ಅದರ ಮೇಲೇ ಕೂತುಬಿಟ್ಳಂತೆ. ನಿನ್ನ ಕಚೇರಿಯ ಸಾಹೇಬರು ಅವರದ್ದನ್ನ ಊಟದ ಡಬ್ಬಿಲಿಟ್ಟು ಮನೆಗೆ ತಗೊಂಡು ಹೋದ್ರು, ನಾನೇ ಬಿಟ್ಟುಬಂದೆ."

ಅವನು ಹೇಳಿದ್ದರಲ್ಲಿ ಅರ್ಧ ತೆಗೆದರೂ ಉಳಿದದ್ದು ಸಾಕಾಗಿತ್ತು. ಶಾಲೆಯಲ್ಲಿ ಅಂಕಪಟ್ಟಿ ನಿಂತಿದೆ ಎಂದು ಕೆಲೆರ ಸಂತೋಷದಿಂದ ಹೇಳಿದ್ದಳು. ಅವಳಿಗೆ ಗಣಿತದಲ್ಲಿ ಏನು ಬಂದಿರಬಹುದೆಂದು ಅದರಿಂದ ನನಗೆ ತಿಳಿಯಿತು. ಆಸ್ಪತ್ರೆಯಲ್ಲಿ ಸಾಲು ರಸ್ತೆಗೆ ಬಂದಿತ್ತು. ಪಾದ್ರಿಗಳು ಪ್ರಸಂಗವನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು, ಆದ್ದರಿಂದ ಅದು ಎಂದಿನದಕ್ಕಿಂತ ಉದ್ದವಾಗಲಿದೆ ಎಂದು ಊರಿನವರು ಹೆದರಿದ್ದರು.

ನಾಳೆ ನಾನೇ ಗೌಂಡರ್ ಅಂಗಡಿಗೆ ಹೋಗಿ ಬರುತ್ತೇನೆ ಎಂದೆ. ಅಪೆನಿಸ ಎದ್ದು ಒಳಗೆ ಹೋದ. ಕೊಬ್ಬರಿ ಎಣ್ಣೆಯ ಶೀಶೆ ತಂದು ನನ್ನ ಮುಂದೆ ಕೂತು, ಮಣಿಕಟ್ಟು ತಿಕ್ಕತೊಡಗಿದ. ತಿಕ್ಕುತ್ತ ತಿಕ್ಕುತ್ತ, ತಾನು ಒಂದು ಮೌಸ್ ಕೂಡ ತರಲಾರದ ಗಂಡನೆಂದು ಸಂಘದ ಹೆಂಗಸರೆಲ್ಲ ಮಾತಾಡಿಕೊಳ್ಳುತ್ತಾರೆ, ಮಾತಾಡಲಿ, ಆದರೆ ನಿನ್ನ ಮೊದಲ ದೊಡ್ಡ ಕೆಲಸ ನನ್ನಿಂದ ಹಾಳಾಗಬಾರದು ಎಂದು ನೆಲ ನೋಡಿಕೊಂಡು ಹೇಳಿದ. ಅವನ ದೊಡ್ಡ ಬೆರಳುಗಳು ಬಹಳ ಮೆತ್ತಗೆ ಓಡಾಡುತ್ತಿದ್ದವು. ಇನ್ನೊಂದು ದಿನ ನೋಡೋಣ ಎಂದು ನನ್ನ ಬಾಯಲ್ಲಿ ಬಂದುಬಿಟ್ಟಿತು. ಗಂಡಸರ ಮೇಲೆ ಸಿಟ್ಟಿರುವಾಗ ಅವರ ಕೈಗೆ ಎಣ್ಣೆ ಶೀಶೆ ಸಿಗದಂತೆ ನೋಡಿಕೊಳ್ಳಬೇಕು.

ಗುರುವಾರ ಬೆಳಿಗ್ಗೆ ನಾನು ಬಟ್ಟೆ ಹಿಂಡುತ್ತಿದ್ದಾಗ ವಸಿತಿ ಟೀಚರ್ ಬಂದರು. ಕುಶಲ ವಿಚಾರಿಸಿದರು, ರೇಜಿಯನ್ನು ಎತ್ತಿಕೊಂಡರು, ನಿಂಬೆ ಎಲೆಯ ಚಹಾ ಕುಡಿದರು. ಆಮೇಲೆ ಮೇಜಿನ ಕಡೆ ನೋಡಿ, ನಿಮ್ಮ ಮನೆಯಲ್ಲಿ ಎಷ್ಟು ಚಂದದ ಮೌಸ್‌ಗಳಿವೆ ಎಂದರು. ಅಪೆನಿಸನ ಮುಖ ಅರಳಿತು. ತನ್ನದನ್ನು ಹಿಂದಕ್ಕೆ ಕೊಡಿ ಎಂದು ಅವರು ಕೇಳುವಂತಿಲ್ಲ, ತೆಗೆದುಕೊಳ್ಳಿ ಎಂದು ಇವನು ಹಿಂದಿರುಗಿಸುವಂತಿಲ್ಲ. ಹೊಗಳಿದರೆ ಮಾತ್ರ ಇಬ್ಬರ ಮಾನವೂ ಉಳಿಯುತ್ತದೆ. ಇವನು ಒಂದನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಟೀಚರ್ ನೆಲಕ್ಕೆ ಕೂತು ಚಪ್ಪಾಳೆ ತಟ್ಟಿದರು. ಅವರು ಗೇಟು ದಾಟುವುದರೊಳಗೆ ಸಿಸ್ಟರ್ ಬಂದರು. ಅವರು ಹೊಗಳುವ ಗೋಜಿಗೂ ಹೋಗಲಿಲ್ಲ, ಬಾಗಿಲಲ್ಲೇ ಒಂದು ನಿಟ್ಟುಸಿರು ಬಿಟ್ಟರು. ಕೊನೆಗೆ ಮಧ್ಯಾಹ್ನ ಕಳೆದ ಮೇಲೆ ಪಾದ್ರಿಗಳು ಕೊಡೆ ಊರಿಕೊಂಡು ಬಂದು, ನಮ್ಮ ಮೇಜಿನ ಮೇಲೆ ಉಳಿದಿದ್ದ ಒಂದೇ ಒಂದನ್ನು ಬಹಳ ಕೆಟ್ಟ ಮೌಸ್ ಎಂದರು. ಅಪೆನಿಸ ತಕ್ಷಣ ಕೊಟ್ಟ.

ಎಲ್ಲ ಮುಗಿಯಿತು, ಈಗ ನೇರ ಗೌಂಡರ್ ಅಂಗಡಿಗೆ ಎಂದು ನಾನು ಚಪ್ಪಲಿ ಮೆಟ್ಟಿದೆ. ಗೇಟಿನಲ್ಲಿ ಟೀಚರ್ ಎದುರಾದರು. ಕಂಕುಳಲ್ಲಿ ಶಾಲೆಯ ಲ್ಯಾಪ್‌ಟಾಪ್ ಇತ್ತು.

"ಉನಾ, ಇದು ಅಲುಗ್ತಿಲ್ಲ," ಅಂದರು.

ಅವರ ಹಿಂದೆ ಆಸ್ಪತ್ರೆಯ ಲ್ಯಾಪ್‌ಟಾಪ್ ಹಿಡಿದ ಸಿಸ್ಟರ್ ಬರುತ್ತಿದ್ದರು. ಅವರ ಹಿಂದೆ ಪೆಸೆಲಿಯ ಟ್ಯಾಕ್ಸಿಯಿಂದ ಪಾದ್ರಿಗಳು ಇಳಿಯುತ್ತಿದ್ದರು. ಯಾವ ಮೌಸ್ ಯಾರದ್ದು ಎಂದು ನೋಡದೆ ಕೊಟ್ಟರೆ ಇನ್ನೇನಾಗುತ್ತದೆ? ಮೂರೂ ಕಪ್ಪು. ಒಂದರ ಚೂರಿನ ಮಾತನ್ನು ಇನ್ನೊಂದು ಮೌಸ್ ಕೇಳುವುದಿಲ್ಲ. ಬುಧವಾರ ರೇಜಿ ಮೂರನ್ನೂ ನೆಲದ ಮೇಲೆ ಉರುಳಿಸಿ ಆಡಿದ್ದಳು.

ಜಗಲಿಯಲ್ಲಿ ಚಾಪೆ ಹಾಸಿದೆ. ಮೂರು ಲ್ಯಾಪ್‌ಟಾಪ್ ತೆರೆದು ಕೂತರು. ಹೆಣ್ಣು ಗಂಡು ಜಾತಕ ಹೊಂದಿಸುವಂತೆ ಒಂದೊಂದು ಮೌಸನ್ನು ಒಂದೊಂದರ ಮುಂದೆ ಆಡಿಸಿ ನೋಡಿದೆವು. ಪೆಸೆಲಿಗೆ ಟ್ಯಾಕ್ಸಿ ಇತ್ತು, ಗಿರಾಕಿಗಳೂ ಇದ್ದರು, ಆದರೂ ಅವನು ಹೋಗಲಿಲ್ಲ. ನಾನು ಮರಗೆಣಸು ಬೇಯಲಿಟ್ಟೆ. ಮನೆಗೆ ಬಂದವರು ಯಾವುದಕ್ಕೇ ಬಂದಿರಲಿ, ಉಣ್ಣಬೇಕು. ಸೂರ್ಯ ಕೊಲ್ಲಿಯ ಆಚೆ ವಾಲುತ್ತಿದ್ದ. ನನ್ನ ಆಮೆ ಒಳಗೆ ಅರ್ಧ ಬೆನ್ನಿನಲ್ಲಿ ಕಾಯುತ್ತಿತ್ತು.

ಜೋಡಿಗಳು ಸೇರಿದಾಗ ಸಿಸ್ಟರ್ ಮೌಸುಗಳನ್ನು ತಿರುಗಿಸಿ ನೋಡಿದರು. ಮೂರರ ಹೊಟ್ಟೆಯ ಮೇಲೂ ಗೌಂಡರ್ ಅಂಗಡಿಯ ಹಸಿರು ಚೀಟಿ ಅಂಟಿತ್ತು.

"ಅಪೆನಿಸ, ನಮ್ಮದು ಹೇಗಿತ್ತು ಅಂದಿದ್ದೆ?" ಎಂದು ಟೀಚರ್ ಕೇಳಿದರು.

"ನಿಮ್ಮದು ಬಿಸಿ ಬನ್ನು. ಸಿಸ್ಟರದ್ದು ಸ್ವಲ್ಪ ಉದ್ದ, ಆದ್ರೆ ತಂಪು. ಪಾದ್ರಿಗಳದ್ದು..." ಅವನು ತಲೆ ಕೆರೆದುಕೊಂಡ. "ಪಾದ್ರಿಗಳದ್ದು ಎಲ್ಲಕ್ಕಿಂತ ಹಾಯಿ. ಕೋಪಿಸ್ಕೋಬೇಡಿ, ಅದಕ್ಕೇ ಅಷ್ಟು ಬೈದದ್ದು."

"ಮೂರೂ ಒಂದೇ ಕಣೋ. ಒಂದೇ ಪೆಟ್ಟಿಗೇಲಿ ಬಂದವು. ಗೌಂಡರ ಹತ್ರ ಬೇರೆ ಥರದ್ದು ಇಲ್ಲವೇ ಇಲ್ಲ," ಎಂದರು ಸಿಸ್ಟರ್.

ಅಪೆನಿಸ ಮೂರರ ಮೇಲೂ ಒಂದಾದ ಮೇಲೊಂದು ಕೈಯಿಟ್ಟು ನೋಡಿ, ಇಲ್ಲ, ವ್ಯತ್ಯಾಸವಿದೆ, ನಿಮಗೆ ತಿಳಿಯುವುದಿಲ್ಲ ಎಂದ. ಪೆಸೆಲಿ ನಗುತ್ತ ಜಗಲಿಯ ಕಂಬ ಹಿಡಿದುಕೊಂಡ.

ಆಗ ಪಾದ್ರಿಗಳು, ಇಷ್ಟೆಲ್ಲ ಯಾರ ಕೈಗಾಗಿ ನಡೆಯಿತೋ ಆ ಕೈಯನ್ನು ಯಾರೂ ಕೇಳಲಿಲ್ಲವಲ್ಲ ಎಂದು, ತಮ್ಮ ಮೌಸನ್ನು ನನ್ನ ಕಡೆ ಸರಿಸಿದರು. ನಾನು ಕೈ ಒರೆಸಿಕೊಂಡು ಅದರ ಮೇಲೆ ಇಟ್ಟೆ.

ನಿಜ ಹೇಳಬೇಕೆಂದರೆ ಅಂಗೈ ತಾನಾಗಿ ಒರಗಿತು. ಎಷ್ಟೋ ವಾರಗಳಿಂದ ಮಣಿಕಟ್ಟಿನಲ್ಲಿ ಕೂತಿದ್ದ ನೋವು ಎದ್ದು ಪಕ್ಕಕ್ಕೆ ಹೋದಂತಾಯಿತು. ಪಾದ್ರಿಗಳ ಪರದೆಯ ಮೇಲೆ ಬಾಣ ಎಲ್ಲಿ ಹೇಳಿದರೆ ಅಲ್ಲಿ ಹೋಗಿ ನಿಂತಿತು. ಆದರೆ ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಉಸಿರನ್ನು ಒಳಗೇ ಹಿಡಿದು, ಮುಖವನ್ನು ಕಲ್ಲು ಮಾಡಿಕೊಂಡು, ಬೆಟ್ಟದ ಕಡೆ ಮೋಡ ಕಟ್ಟುತ್ತಿದೆ, ಮಳೆ ಬರಬಹುದು ಎಂದೆ.

ಅವರೆಲ್ಲ ಅರ್ಥಮಾಡಿಕೊಂಡರು. ಮೋಡದ ಕಡೆ ನೋಡಿ ಹೌದು ಹೌದು ಎಂದರು. ಲ್ಯಾಪ್‌ಟಾಪ್‌ಗಳನ್ನು ಮುಚ್ಚಲು ಕೈ ಹಾಕಿದರು. ಇನ್ನು ಅರ್ಧ ನಿಮಿಷ ಕಳೆದಿದ್ದರೆ ಎಲ್ಲರೂ ಅವರವರ ಮೌಸ್ ತೆಗೆದುಕೊಂಡು ಹೋಗಿಬಿಡುತ್ತಿದ್ದರು.

"ನೋಡಿ, ನೋಡಿ ಅವಳ ಕೈನ," ಎಂದ ನನ್ನ ಗಂಡ. "ಅವಳಿಗೆ ಅಂತಲೇ ಮಾಡಿದ ಹಾಗಿದೆ. ಇಷ್ಟು ದಿನದಲ್ಲಿ ಇವತ್ತೇ ಅವಳು ಹಲ್ಲು ಕಚ್ಚಿಲ್ಲ."

ಪೆಸೆಲಿ ಕಂಬ ಬಿಟ್ಟು ನೆಟ್ಟಗೆ ನಿಂತ. ಆಮೇಲೆ ಮೂರು ಕೈಗಳು ಮೂರು ಲ್ಯಾಪ್‌ಟಾಪಿನ ಬದಿಗೆ ಹೋಗಿ, ಮೂರು ಚೂರುಗಳನ್ನು ಕಿತ್ತವು. ಶಾಲೆಯ ಮರ್ಯಾದೆ ಉಳಿಯಬೇಕಾದರೆ ನನ್ನದನ್ನೇ ತೆಗೆದುಕೊಳ್ಳಬೇಕು ಎಂದು ಟೀಚರ್ ಹಟ ಹಿಡಿದರು. ಕೈನೋವು ಆಸ್ಪತ್ರೆಗೆ ಸೇರಿದ ವಿಷಯ, ಮದ್ದು ಕೊಡುವವಳು ನಾನು ಎಂದರು ಸಿಸ್ಟರ್. ಇಬ್ಬರ ಮಾತೂ ಏರತೊಡಗಿತು. ಯಾರೂ ಒಂದು ಮೌಸನ್ನು ಕಸಿದುಕೊಳ್ಳಲು ಇಷ್ಟು ಜಗಳವಾಡಿದ್ದನ್ನು ನಾನು ನೋಡಿಲ್ಲ. ಇವರು ಕೊಡಲು ಜಗಳವಾಡುತ್ತಿದ್ದರು. ಕೊನೆಗೆ ಪಾದ್ರಿಗಳು ಕೊಡೆಯನ್ನು ಒಮ್ಮೆ ನೆಲಕ್ಕೆ ಕುಟ್ಟಿದರು.

"ಮುಟ್ಟಿದ್ದು ನಂದನ್ನ. ವಯಸ್ಸಾದವನೂ ನಾನೇ. ಇಬ್ಬರೂ ಸುಮ್ನೆ ಊಟಕ್ಕೆ ಕೂತ್ಕೊಳ್ಳಿ."

ಹಿರಿಯರು ಹೇಳಿದ ಮೇಲೆ ಮುಗಿಯಿತು. ಅವರು ಮೌಸನ್ನೂ ಅದರ ಚೂರನ್ನೂ ನನ್ನ ಅಂಗೈಯಲ್ಲಿಟ್ಟರು. ಕೂತು ಚಪ್ಪಾಳೆ ತಟ್ಟುವ ಸರದಿ ಈಗ ನನ್ನದು. ತಟ್ಟಿದೆ. ಮಣಿಕಟ್ಟು ನೋಯಿತು.

ಅವರೆಲ್ಲ ಉಂಡು ಹೋದ ಮೇಲೆ ಕೆಲಸಕ್ಕೆ ಕೂತೆ. ಅಪೆನಿಸ ಪಾತ್ರೆ ತೊಳೆದ, ಕೆಲೆರಳನ್ನು ಮಲಗಿಸಿದ, ರೇಜಿಯನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಸುತ್ತಿದ. ಆಮೆಗೆ ಪೂರ್ತಿ ಬೆನ್ನು ಬಂತು, ಎಲೆಗಳು ಸುತ್ತ ಹಬ್ಬಿದವು. ಶುಕ್ರವಾರ ಒಲೆ ಹಚ್ಚುವ ಮೊದಲೇ ಚಿತ್ತಾರವನ್ನು ಸುವಾಕ್ಕೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿ ಫೋನ್ ಮಾಡಿ, ಚೆನ್ನಾಗಿದೆ, ಮುಂದಿನ ವರ್ಷದ್ದೂ ನಿನಗೇ ಎಂದಳು. ನಗುತ್ತ ಹೇಳಿದಳು.

ಆಮೇಲೆ ರೇಜಿಯನ್ನು ಸೊಂಟಕ್ಕೆ ಏರಿಸಿಕೊಂಡು ಗೌಂಡರ್ ಅಂಗಡಿಗೆ ಹೋದೆ. ಅವರು ಮೊಳೆಯಿಂದ ಪೊಟ್ಟಣ ಇಳಿಸಿ ಕೊಟ್ಟರು. ಬಿಚ್ಚಿ ಕೈಯಿಟ್ಟು ನೋಡುತ್ತೀಯೇನಮ್ಮ ಎಂದು ಕೇಳಿದರು. ನಾನು ಅವರನ್ನು ನೋಡಿದೆ. ಅವರು ಬೇಗ ಬೇಗ ಚಿಲ್ಲರೆ ಎಣಿಸಿದರು.

ಪಾದ್ರಿಗಳ ಮನೆಗೆ ಹೋಗಿ ಹೊಸದನ್ನು ಅವರ ಮುಂದಿಟ್ಟೆ. ಅವರು ಬಹಳ ಸಂತೋಷಪಟ್ಟರು. ಕತ್ತರಿ ತಂದು ಪೊಟ್ಟಣ ಬಿಡಿಸಿ, ಚೂರನ್ನು ಸಿಕ್ಕಿಸಿ, ಅಂಗೈ ಇಟ್ಟರು. ಅಲ್ಲಿ ಸರಿಸಿದರು, ಇಲ್ಲಿ ಸರಿಸಿದರು. ಮುಖ ಸ್ವಲ್ಪ ಬಾಡಿತು.

"ಚೆನ್ನಾಗಿದೆಯಮ್ಮ," ಅಂದರು. "ಆದ್ರೆ ಹಳೇದರ ಹಾಯಿ ಇದರಲ್ಲಿಲ್ಲ. ಕೈಗೆ ಗೊತ್ತಾಗತ್ತೆ."

ಗೌಂಡರ ಹತ್ತಿರ ಇರುವುದೆಲ್ಲ ಒಂದೇ ಥರದ್ದು ಎಂದು ಅವರೆದುರೇ ಸಿಸ್ಟರ್ ತೋರಿಸಿ ಇನ್ನೂ ಒಂದು ದಿನ ಆಗಿರಲಿಲ್ಲ. ರೇಜಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಮನೆಗೆ ನಡೆದು, ಹಳೆಯದನ್ನು ಅದರ ಚೂರಿನ ಸಮೇತ ತಂದು ಅವರಿಗೆ ಕೊಟ್ಟು, ಹೊಸದನ್ನು ಅದರ ಚೂರಿನ ಸಮೇತ ತೆಗೆದುಕೊಂಡು ಬಂದೆ. ದಾರಿಯಲ್ಲಿ ಎರಡು ಸಲ ನಿಂತು ಚೂರು ಇದೆಯೇ ಎಂದು ಮುಷ್ಟಿ ಬಿಚ್ಚಿ ನೋಡಿದೆ.

ಸಂಜೆ ಅಪೆನಿಸ ಕೆಲಸದಿಂದ ಬಂದು ಮೇಜಿನ ಮುಂದೆ ನಿಂತ. ಹೊಸ ಮೌಸಿನ ಮೇಲೆ ಅಂಗೈಯನ್ನು ಮೆಲ್ಲಗೆ ಇಳಿಸಿ ಕಣ್ಣು ಮುಚ್ಚಿದ.

"ಇದು ಪಾದ್ರಿಗಳದ್ದಕ್ಕಿಂತ ಎಷ್ಟೋ ವಾಸಿ, ಉನಾ," ಅಂದ. "ಆರಿಸೋದು ಅಂದ್ರೆ ಇದು. ಪೆಸೆಲಿಯ ಹೆಂಡತಿಗೂ ಒಂದು ಬೇಕಂತೆ. ನಾಳೆ ಹಡಗಿಲ್ಲ, ನಾಲ್ಕು ಕಡೆ ನೋಡಿ ಬರೋಣ ಅಂತಿದ್ದೀನಿ."

ನಾನು ರೇಜಿಯನ್ನು ಎತ್ತಿ ಅವನ ಒಂದು ಕೈಗೆ ಕೊಟ್ಟೆ. ಇನ್ನೊಂದು ಕೈಗೆ ಕೆಸುವಿನ ಸೊಪ್ಪಿನ ಪಾತ್ರೆ ಕೊಟ್ಟೆ.